ಹಂಚಿನಿಂದ ಇಳಿದ ಮೊದಲ ರೊಟ್ಟಿ

ನರ್ಸ್ ಹೇಳಿದ ಐದು ಪದಗಳಲ್ಲಿ, ಹತ್ತು ನಿಮಿಷದ ನಂತರ ನನಗೆ ನೆನಪಿದ್ದದ್ದು ಮೂರೇ. ಹೂವಿನ ಹಿಪ್ಪರಗಿಯಲ್ಲಿ ಐವತ್ತು ದಾಟಿದ ಹೆಂಗಸರ ಆರೋಗ್ಯ ತಪಾಸಣೆ ನಡೆದಿತ್ತು; ಅದರಲ್ಲೊಂದು ಈ ನೆನಪಿನ ಪರೀಕ್ಷೆ. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಟೀಚರ್ ನಾನು, ಊರವರ ಬಾಯಲ್ಲಿ ‘ಅಕ್ಕೋರು’. ನಾಚಿಕೆಯಿಂದ ತಲೆ ತಗ್ಗಿಸಿದೆ. ನನ್ನ ನಂತರ ಬಂದವರು ಹೊಲದ ಕೆಲಸಕ್ಕೆ ಹೋಗುವ ಖೈರುನ್‌ಬಿ, ನನಗಿಂತ ಹತ್ತು ವರ್ಷ ದೊಡ್ಡವರು. ಅವರಿಗೆ ಬೇರೆ ಐದು ಪದ ಕೊಟ್ಟರು. ಐದನ್ನೂ ಪಟಪಟನೆ ಹೇಳಿಬಿಟ್ಟರು!

“ಏನ್ ಉಣ್ತೀರಿ ನೀವು?” ಎಂದು ಕೇಳಿಯೇಬಿಟ್ಟೆ.

“ಎಲ್ಲಾರೂ ಉಣ್ಣೂದ ಉಣ್ತೇನ್ರಿ ಅಕ್ಕೋರ. ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಮೆಂತೆ ಪಲ್ಯ. ಆದ್ರ ಮುಟ್ಟ ನಿಂತ ಮ್ಯಾಲೆ, ಮಂದಿ ಉಂಡು ಉಳಿದದ್ದು ಉಣ್ಣೂದ ಬಿಟ್ಟೇನಿ. ಹಂಚಿಂದ ಇಳದ ಮೊದಲ್ನೇ ರೊಟ್ಟಿ ನಂದ!” ಎಂದು ನಕ್ಕರು. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಅಂದು ಸಂಜೆ ಮೊದಲ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಕೊಂಡು ಒಲೆಯ ಪಕ್ಕದಲ್ಲೇ ಕುಳಿತೆ. ತಾಟು ಹಿಡಿದು ಬಂದ ಯಜಮಾನರು ಬೆರಗಾಗಿ ನಿಂತರು. “ಮುಂದಿನದು ನಿಮ್ದು, ಕೂಡ್ರಿ” ಎಂದೆ.

ಮರೆತ ಆ ಎರಡು ಪದ ಇನ್ನೂ ನೆನಪಾಗಿಲ್ಲ. ಆದರೆ ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿರುವ ನನಗೆ, ಬಿಸಿ ರೊಟ್ಟಿಯ ರುಚಿ ಏನೆಂಬುದು ಈಗ ಗೊತ್ತಾಗಿದೆ.