ಅವ್ವನ ಮಿಸ್‌ಮ್ಯಾಚ್ ಕುಪ್ಪಸ

ಸುಲ್ತಾನ್ ಬಜಾರಿನ ಬಟ್ಟೆಯಂಗಡಿಗೆ ಕಾಲಿಟ್ಟೊಡನೆ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಹಿಂದೆಯೇ ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸು, ಅವ್ವನ ತಗಡಿನ ಟ್ರಂಕು ಕಣ್ಣಿಗೆ ಬರುತ್ತವೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದಿರಬಹುದು. ಅದರ ತುಂಬ, ಮುತ್ತೈದೆಯರು ಉಡಿ ತುಂಬುವಾಗ ಅಕ್ಕಿಯೊಡನೆ ಕೊಟ್ಟ ಖಣಗಳು. ಆ ಕುಪ್ಪಸದ ಬಟ್ಟೆ ದೇವಿಯ ಪ್ರಸಾದ, ಹೊಲಿಸಿ ತೊಡಲೇಬೇಕು ಎಂಬುದು ಅವ್ವನ ನೇಮ. ಹೀಗಾಗಿ ಹಸಿರು ಸೀರೆಗೆ ನೇರಳೆ ಕುಪ್ಪಸ, ಹಳದಿಗೆ ಕೆಂಪು.

ಅಕ್ಕನನ್ನು ನೋಡಲು ಬೀದರಿನವರು ಬರುವ ದಿನ ಅವ್ವನ ಸೀರೆ-ಕುಪ್ಪಸ ನೋಡಿ ಸೋದರತ್ತೆ ಹಣೆ ಚಚ್ಚಿಕೊಂಡಳು. "ವೈನಿ, ಇದು ಪೂರಾ ಮಿಸ್‌ಮ್ಯಾಚ್ ಆತಲ್ಲರಿ." ಹಾಗಂದರೇನೆಂದು ಅಪ್ಪನನ್ನು ಕೇಳಿದೆ. "ಒಂದಕ್ಕೊಂದು ಹೊಂದೂದಿಲ್ಲ ಅಂತ. ನಿಮ್ಮತ್ತಿ ಬಟ್ಟಿಗೂ ಅಂತಾಳ, ಮಂದಿಗೂ ಅಂತಾಳ" ಎಂದರು. ಹಾಗೆಯೇ ಆಯಿತು. ಹುಡುಗ ಅಕ್ಕನ ಕಿವಿಯ ಮಟ್ಟಕ್ಕಿದ್ದ. ಅತ್ತೆ ಅಡುಗೆಮನೆಯಲ್ಲಿ ಮತ್ತೆ ಅದೇ ಮಾತು ಪಿಸುಗುಟ್ಟಿದಳು. ಹಿಂದೆ ಬಂದವರೂ ಅಕ್ಕನ ಎತ್ತರ ನೋಡಿಯೇ ಸರಿದಿದ್ದರು. ಆದರೆ ಈ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅವನ ತಂದೆ ಚಹಾ ಕುಡಿದು, "ವಿಚಾರ ಮಾಡಿ ಹೇಳತೀವ್ರಿ" ಎನ್ನುತ್ತ ಎದ್ದಾಗ ಅಕ್ಕನ ಮುಖ ಬಾಡಿತು.

ಹೊರಟವರಿಗೆ ಉಡಿ ತುಂಬದೆ ಕಳಿಸುವುದುಂಟೇ? ಅವ್ವ ಹುಡುಗನ ತಾಯಿಯ ಮುಂದೆ ಕುಳಿತಳು. ಆಕೆ ಅವ್ವನ ಕುಪ್ಪಸದ ತೋಳನ್ನೇ ನೋಡಿದರು. "ಉಡಿ ಖಣಾ ಏನ್ರಿ?"

"ಹೌದ್ರಿ. ಹೊಂದಲಿಲ್ಲಂತ ದೇವಿ ಕೊಟ್ಟದ್ದು ಬಿಡಾಕ ಬರತದೇನ್ರಿ?"

ಆಕೆ ನಕ್ಕು ಗಂಡನತ್ತ ತಿರುಗಿದರು. "ಕೇಳಿದ್ರಿಲ್ಲೋ? ಏನು ವಿಚಾರ ಮಾಡಾಕತ್ತೀರಿ? ನಿಮ್ಮ ಮಗಾ ಇನ್ನ ಬೆಳಿಯಾಂಗಿಲ್ಲ. ಕೂಡ್ರಿ." ಅವರು ಕೂತರು. ಸಂಬಂಧ ಗಟ್ಟಿ ಮಾಡಿ, ಬೆಲ್ಲ ಹಂಚಿಯೇ ಎದ್ದರು.

ಆ ಕ್ವಾರ್ಟರ್ಸು ಈಗ ನೆಲಸಮ. ಅಪ್ಪ, ಅತ್ತೆ ಇಬ್ಬರೂ ಇಲ್ಲ. ಅವ್ವ ಹೋದ ದಿನ ಹೆಗಲು ಕೊಡಲು ಭಾವ ಎಲ್ಲರಿಗಿಂತ ಮೊದಲು ಮುಂದೆ ಬಂದರು. ಉಳಿದವರು ಎತ್ತರದವರಾದ್ದರಿಂದ ಚಟ್ಟ ಭಾವನ ಮಗ್ಗುಲಿಗೆ ವಾಲಿತು. "ನೀವು ಬಿಡ್ರಿ, ಬ್ಯಾರೆದವರು ಹಿಡೀತಾರ" ಎಂದರು ಯಾರೋ. "ನನ್ನ ಅತ್ತೀನ ನಾ ಹೊರತೀನಿ" ಎಂದ ಭಾವ ಟವೆಲ್ಲನ್ನು ದಪ್ಪಗೆ ಮಡಚಿ ಹೆಗಲ ಮೇಲಿಟ್ಟುಕೊಂಡು, ಮತ್ತೆ ಕೈಹಚ್ಚಿದರು. ಅಕ್ಕ ಅಳು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ನಾನು ಹೆಂಗಸರ ಜೊತೆ ಬಾಗಿಲಲ್ಲಿ ನಿಂತು ದೇವರಿಗೆ ಕೈಮುಗಿದೆ. ಗಲ್ಲಿಯ ತಿರುವಿನ ತನಕ ಅವ್ವ ಒಂದಿಷ್ಟೂ ವಾಲದೆ ಹೋದಳು.