ಪಾಚಿಯ ಮನೆಯಳಿಯ

ಮನೆಯಳಿಯನಾಗಿ ಅಲಖನೂರಿಗೆ ಬಂದು ಎಷ್ಟೋ ವರ್ಷವಾಯಿತು. ಊರವರ ಬಾಯಲ್ಲಿ ನಾನಿನ್ನೂ ಪಾವಣ್ಯಾನೇ, ಅಂದರೆ ಬಂದ ನೆಂಟ. ಊರಿನ ಮಾತು ಹಾಳಾಗಲಿ, ಮನೆಯಲ್ಲೂ ಅದೇ ಕಥೆ. ಪಡಸಾಲೆಯಲ್ಲಿ ನನಗೊಬ್ಬನಿಗೇ ಮಣೆ, ಮದುವೆಯಲ್ಲಿ ಕೊಟ್ಟ ದೊಡ್ಡ ತಾಟು, ಬಿಸಿ ರೊಟ್ಟಿ, ಮೇಲೆ ತುಪ್ಪ. ಒಳಗೆ ಅಡುಗೆಮನೆಯಲ್ಲಿ ಮಾವ, ಅತ್ತೆ, ಹೆಂಡತಿ ನಿನ್ನೆಯ ರೊಟ್ಟಿ ಮುರಿದುಕೊಂಡು, ಒಬ್ಬರ ತಾಟಿಗೆ ಒಬ್ಬರು ಕೈಹಾಕಿ ನಗುತ್ತಿದ್ದರು. ನಾನು ಹೊರಗೆ ದೇವರಂತೆ ಒಬ್ಬನೇ ನೈವೇದ್ಯ ತಿನ್ನುತ್ತಿರಬೇಕಾಗಿತ್ತು. ಮೈ ಉರಿಯುತ್ತಿತ್ತು. ನನಗೂ ಒಳಗೆ ಹೋಗಿ ಕೂರುವ ಆಸೆ. ಆದರೆ ಬಾಯಿಬಿಟ್ಟು ಕೇಳಿದರೆ ಅಳಿಯನ ಮರ್ಯಾದೆ ಏನಾಗಬೇಕು?

ನಾನು ರಾಯಬಾಗದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಒಂದು ಸಂಜೆ ಮಾವ ಕಬ್ಬಿಗೆ ಯೂರಿಯಾ ಹಾಕಿ ಸುಸ್ತಾಗಿ ಬಂದರು.

"ಗಾಳ್ಯಾಗ ಬೇಕಾದಷ್ಟ ಸಾರಜನಕ ಐತಿ ಅಂತೀರಿ. ಮತ್ತ ಈ ಚೀಲಾ ಯಾಕ ಹೊರಬೇಕ್ರಿ ನಾವು?"

ಸಿಕ್ಕಿತು ನೋಡಿ ದಾರಿ. ಆ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವುದು ಕಬ್ಬಿಗೂ ಬಾರದು, ಪಾಚಿಗೂ ಬಾರದು, ಕೆಲವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಗೊತ್ತು ಎಂದೆ. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ಅಂಥ ಬ್ಯಾಕ್ಟೀರಿಯಾ ಅದರ ಜೀವಕೋಶದೊಳಗೆ ಬಂದು ಸೇರಿಕೊಂಡಿತು. ಅದು ಪಾಚಿಗೆ ಸಾರಜನಕ ಕೊಡುತ್ತದೆ, ಪಾಚಿ ಅದಕ್ಕೆ ಸಕ್ಕರೆ ಕೊಡುತ್ತದೆ.

"ಅಂದ್ರ ಅದೂ ಮನಿ ಅಳ್ಯಾ ಅನ್ರಿ!" ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗಬ್ಯಾಡ್ರಿ ಮಾವಾರ. ಬರಬರತಾ ಅದು ತನ್ನ ಅಡಗಿ ತಾ ಮಾಡೂದ ಮರೀತು. ಬೇಕಾದ ಸಾಮಾನ ಪಾಚಿನೇ ಕಳಸತೈತಿ. ಪಾಚಿ ಎರಡಾದ್ರ ಅದೂ ಎರಡ ಆಗತೈತಿ. ಅದಕ್ಕ ಈಗ ವಿಜ್ಞಾನಿಗಳು ಅದನ್ನ ಪಾವಣ್ಯಾ ಅನ್ನಂಗಿಲ್ಲ, ಜೀವಕೋಶದ ಒಂದು ಅಂಗ ಅಂತಾರ."

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. "ನಿಮಗ ಚಾ ಕಾಸಾಕರ ಬರತೈತೇನ್ರಿ?"

"ಮರತೇನ್ರಿ ಅತ್ತಿ."

ಹೆಂಡತಿ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. "ಆ ಪಾಚ್ಯಾಗ ಅದಕ್ಕ ಬ್ಯಾರೆ ತಾಟ ಇರತೈತೋ?"

"ಎಲ್ಲಿ ತಾಟ್ರಿ! ಎಲ್ಲಾರೂ ಕೂಡೇ ಉಣ್ಣೂದು."

ತಾಟಿನ ವಿಷಯ ಯಾವ ವಿಜ್ಞಾನಿಯೂ ಬರೆದಿಲ್ಲ. ಧೈರ್ಯ ಮಾಡಿ ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಮಣೆಯೇ ಇಲ್ಲ. ಅಡುಗೆಮನೆಗೆ ಇಣುಕಿದರೆ, ಅಯ್ಯೋ, ನನ್ನ ದೊಡ್ಡ ತಾಟಿನಲ್ಲಿ ಮಾವ ಉಣ್ಣುತ್ತಿದ್ದಾರೆ!

"ಏನ ನೋಡ್ತೀರಿ? ಕುಂದರ್ರಿ. ಉಂಡ ಹೊಲಕ್ಕ ಹೋಗಿ ಉಳದ ಯೂರಿಯಾ ಹಾಕಿ, ಆಮ್ಯಾಲ ಸಾಲಿಗೆ ಹೋಗ್ರಿ," ಎಂದು ಅತ್ತೆ ಗದರಿದರು. ಅಂಚು ನೆಗ್ಗಿದ ತಾಟೊಂದನ್ನು ಮುಂದೆ ತಳ್ಳಿದರು. ನಿನ್ನೆಯ ರೊಟ್ಟಿ, ಶೇಂಗಾ ಚಟ್ನಿ. ಹೆಂಡತಿ ಆಗಲೇ ನನ್ನ ಚಟ್ನಿಗೆ ಕೈಹಾಕಿದ್ದಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಮೊದಲ ತುತ್ತು ಗಂಟಲಲ್ಲೇ ನಿಂತಿತು, ರೊಟ್ಟಿ ಅಷ್ಟು ಗಟ್ಟಿ.

"ಅತ್ತಿ, ಒಂಚೂರ ತುಪ್ಪ..."

"ತುಪ್ಪ ಪಾವಣ್ಯಾರಿಗೆ," ಎಂದು ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು.