ಅಪ್ಪ ಮೂರು ಸಲ ಸತ್ತ ಮಧ್ಯಾಹ್ನ

ಆ ಮೊದಲ ‘ಒನ್ಸ್ ಮೋರ್’ ಕೂಗಿದ್ದು ನಾನು. ಮೆಚ್ಚಿ ಕೂಗಿದ್ದಲ್ಲ — ಮಾನ ಕಳೆಯಲು ಕೂಗಿದ್ದು. ಮೂರು ವರ್ಷದಿಂದ ನಮ್ಮಪ್ಪ ಅದನ್ನು ಬೇರೆ ಥರ ತಿಳಿದುಕೊಂಡಿದ್ದಾನೆ. ಹಾಗೆ ತಿಳಿದುಕೊಳ್ಳಲು ಬಿಟ್ಟವನೂ ನಾನೇ.

ಅಪ್ಪ ಕಮರ್ಷಿಯಲ್ ಸ್ಟ್ರೀಟಿನ ಒಂದು ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಆಗ ಯುದ್ಧದ ಕಾಲ. ಜಗತ್ತಿನ ಅರ್ಧ ಸೈನ್ಯ ನಮ್ಮಪ್ಪ ಕತ್ತರಿಸಿದ ಪ್ಯಾಂಟಿನಲ್ಲೇ ಹೋರಾಡಿತು — ಸರಿ, ಅರ್ಧ ಬೇಡ, ಒಂದು ಪಟಾಲಂ ಅಂತಿಟ್ಟುಕೊಳ್ಳಿ. ಅವನ ಪ್ರಾಣ ಮಾತ್ರ ಇದ್ದದ್ದು ನಾಟಕದಲ್ಲಿ. ಹಲಸೂರಿನ ಹವ್ಯಾಸಿ ತಂಡದಲ್ಲಿ ಹತ್ತು ವರ್ಷ ದೂತ, ದ್ವಾರಪಾಲಕ, ಒಮ್ಮೆ ಆನೆಯ ಹಿಂಗಾಲು. ಕೊನೆಗೆ ಆ ವರ್ಷ ರಾಜನ ಪಾತ್ರ ಸಿಕ್ಕಿತು. ಹಳೆಯ ದುರಂತ ನಾಟಕ: ರಾಜ್ಯ ಹಿಗ್ಗಿಸಲು ಹೋಗಿ ಎಲ್ಲ ಕಳೆದುಕೊಂಡ ರಾಜ, ಕೈಲಾಗದವನೆಂದು ತಾನೇ ಹೊರಗಟ್ಟಿದ್ದ ಮಗನ ತೊಡೆಯ ಮೇಲೆ ಹಾಡುತ್ತ ಸಾಯುತ್ತಾನೆ.

ನಮ್ಮ ಮನೆಯಲ್ಲೂ ಅದೇ ನಾಟಕ, ಹಾಡು ಮಾತ್ರ ಇರಲಿಲ್ಲ. ನಾನು ಎರಡನೇ ಸಲ ಫೇಲಾದ ದಿನ, ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅಪ್ಪ ಅಂದಿದ್ದ: “ಇವ್ನಿಗೆ ಓದೂ ಹತ್ತಲ್ಲ, ಗುಂಡಿ ಹೊಲಿಯೋಕೂ ಬರಲ್ಲ. ನನ್ ಮಗ ಅಂತ ಹೇಳ್ಕೊಳ್ಳೋಕೆ ನಾಚ್ಕೆ.” ಆಮೇಲೆ ಇಬ್ಬರೂ ಮಾತು ಬಿಟ್ಟೆವು. ಸಾರಿಗೆ ಉಪ್ಪು ಸಾಲದು ಎಂಬುದೂ ಅಮ್ಮನ ಮೂಲಕವೇ ದಾಟಬೇಕು.

ಬಾಂಬಿನ ಭಯಕ್ಕೆ ರಾತ್ರಿ ದೀಪ ಹಚ್ಚದ ಬ್ಲ್ಯಾಕೌಟ್ ಇದ್ದದ್ದರಿಂದ ನಾಟಕ ಭಾನುವಾರ ಮಧ್ಯಾಹ್ನ. ಮುಂದಿನ ಕುರ್ಚಿಯಲ್ಲಿ ಒಂದು ದೊಡ್ಡ ನಾಟಕ ಕಂಪನಿಯ ಯಜಮಾನರು. ರಾಜ ಹಿಡಿಸಿದರೆ ಕಂಪನಿಗೇ ಕರೆದೊಯ್ಯುತ್ತಾರೆಂದು ಸುದ್ದಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಹಾಡು ಮೆಚ್ಚಿ ಜನ ಒನ್ಸ್ ಮೋರ್ ಕೂಗಿದರೆ ನಟ ಮತ್ತೆ ಹಾಡಲೇಬೇಕು. ಸತ್ತಿದ್ದರೂ ಎದ್ದು, ಹಾಡಿ, ಇನ್ನೊಮ್ಮೆ ಸಾಯಬೇಕು. ಅದನ್ನೇ ಹಿಡಿದುಕೊಂಡೆ. ಗೆಳೆಯ ಬಷೀರನನ್ನೂ ಅವನ ದಂಡನ್ನೂ ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಬಷೀರ್ ರಸೆಲ್ ಮಾರ್ಕೆಟ್ಟಿನಲ್ಲಿ ಕೂಗಿದರೆ ಕೆ.ಆರ್. ಪುರದಲ್ಲಿ ಕೋಳಿಗಳು ಅಡಗಿಕೊಳ್ಳುತ್ತಿದ್ದವು.

ಅಪ್ಪ ಹಾಡಿ ಸತ್ತ. ನಾನು ಕೂಗಿದೆ, ಬೆಂಚು ಕೂಗಿತು. ಅಪ್ಪ ಎದ್ದು ನಿಲುವಂಗಿಯ ಧೂಳು ಕೊಡವಿದ. ಕಿರೀಟ ಕಿವಿಗೆ ಜಾರಿತು. ಕೊರಳಲ್ಲಿ ಅಳತೆಯ ಟೇಪು ಇಣುಕಿತು. ಸಭೆ ಬಿದ್ದು ಬಿದ್ದು ನಕ್ಕಿತು. ಟೇಪು — ಅದು ಇರಲಿಲ್ಲ. ಗೆಳೆಯರಿಗೆ ಈ ಕತೆ ಹೇಳುವಾಗ, ನಗಿಸುವುದಕ್ಕೆಂದು ಇಷ್ಟು ದಿನ ನಾನೇ ಸೇರಿಸಿಕೊಂಡು ಬಂದೆ. ಇನ್ನು ಮುಂದಿನದರಲ್ಲಿ ಒಂದಿಂಚೂ ಎಳೆದಿಲ್ಲ.

ಅವನು ಎರಡನೇ ಸಲ ಸಾಯುವಷ್ಟರಲ್ಲಿ ಯಜಮಾನರು, ಅಳೋಣವೆಂದು ಬಂದರೆ ನಗಿಸಿ ಕಳಿಸುತ್ತಿದ್ದಾರೆ ಎಂದು ಪಕ್ಕದವರಿಗೆ ಹೇಳಿ, ಎದ್ದು ಹೋದರು. ಮಲಗಿದ್ದಲ್ಲಿಂದಲೇ ಅಪ್ಪ ಆ ಖಾಲಿ ಕುರ್ಚಿ ನೋಡಿದ. ಅಷ್ಟರಲ್ಲಿ ಬಷೀರ್ ಇನ್ನೊಮ್ಮೆ ಕೂಗಿದ. ಅವನ ಬಾಯಿ ಮುಚ್ಚಲು ಹೋದೆ — ತಡವಾಗಿತ್ತು.

ಈ ಸಲ ಅಪ್ಪ ಧೂಳು ಕೊಡವಲಿಲ್ಲ. ಕಿರೀಟ ತೆಗೆದು ಪಕ್ಕಕ್ಕಿಟ್ಟ. ಗಂಟಲು ಒಡೆದಿತ್ತು, ಹಾಡನ್ನು ಮಾತಿನ ಹಾಗೆ, ಮೆಲ್ಲಗೆ ಹೇಳಿದ. ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ — ರಾಜನಿಗೂ, ಅವನಿಗೂ. ಮಗನ ವೇಷದ ಹುಡುಗನ ಕೆನ್ನೆಯನ್ನು ಎರಡೇ ಬೆರಳಲ್ಲಿ ಸವರಿದ. ಒಳ್ಳೆಯ ಬಟ್ಟೆ ಕೈಗೆ ಬಂದಾಗ ಮಾತ್ರ ಅವನು ಹಾಗೆ ಸವರುವುದು. ಯಾರೂ ನಗಲಿಲ್ಲ. ಬಷೀರ್ ಅಳುತ್ತಿದ್ದ. ನಾನು — ನನ್ನದು ಬಿಡಿ. ಅಂಥ ನಟನನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕಾಣಬೇಕಾಗಿದ್ದವರು ಆಗಲೇ ಹೋಗಿಯಾಗಿತ್ತು.

ಮನೆಗೆ ಬರುವಾಗ ಕೆರೆಯ ಹತ್ತಿರ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟ.

“ಮೊದ್ಲು ಕೂಗಿದ್ದು ನೀನೇ ಅಲ್ವೇನೋ? ನಿನ್ ಗಂಟ್ಲು ನಂಗೊತ್ತಾಗಲ್ವಾ. ಯಜಮಾನ್ರು ಹೋದ್ರೆ ಹೋಗ್ಲಿ ಬಿಡು. ನನ್ ಮಗ ಒನ್ಸ್ ಮೋರ್ ಅಂದ, ಸಾಕು.”

“ಹೂಂನಪ್ಪ,” ಅಂದೆ.

ಕೂಗಿದ್ದಕ್ಕಿಂತ ಆ ಹೂಂ ದೊಡ್ಡ ತಪ್ಪು. ಅಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ಗಿರಾಕಿಗಳ ಅಳತೆ ತೆಗೆಯುತ್ತ ಈ ಕತೆ ಹೇಳುತ್ತಾನೆ. ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತ ನನ್ನನ್ನು ತೋರಿಸಿ, ಇವನೇ ನನ್ನ ಮಗ ಅನ್ನುತ್ತಾನೆ. ನಾನು ತಲೆ ಎತ್ತುವುದಿಲ್ಲ. ಹೊಲಿದ ಗುಂಡಿಯನ್ನೇ ಮತ್ತೆ ಹೊಲಿಯುತ್ತೇನೆ.

ನಾನು ಬರೆದ ಇದು ಪತ್ರಿಕೆಯಲ್ಲಿ ಅಚ್ಚಾಗಿ ಅವನ ಕೈಗೆ ಸಿಗಲೆಂದು ಕಾಯುವುದು ಹೇಡಿತನ. ನಾಳೆ ಗಿರಾಕಿಗಳು ಬರುವ ಮೊದಲು, ಅವನು ಕತ್ತರಿಗೆ ಎಣ್ಣೆ ಬಿಡುವ ಹೊತ್ತಿಗೆ, ನಾನೇ ಓದಿ ಹೇಳುತ್ತೇನೆ. ಆಮೇಲೆ ನನ್ನನ್ನು ಮಗ ಅಂತ ಹೇಳಿಕೊಳ್ಳಲು ಅವನಿಗೆ ನಾಚಿಕೆಯಾದರೆ — ಈ ಸಲ ಅವನು ಸರಿ.